ಮಣ್ಣೆತ್ತು ಕಲಿಸುವ ಕೃತಜ್ಞತೆ

ಕಳೆದ ನವೆಂಬರ್ ತಿಂಗಳ ಕೊನೆಯ ವಾರದಲ್ಲಿ ಹುಮನಾಬಾದಿನ ಮಗಳ ಮನೆಗೆ ಹೋಗಿದ್ದೆನು. ಐದು ವರ್ಷದ ಮೊಮ್ಮಗಳು ಪಡಸಾಲೆಯ ತುಂಬ ಬಣ್ಣದ ಕಾಗದಗಳನ್ನು ಹರಡಿಕೊಂಡು, ತನ್ನ ಅಂಗೈಯನ್ನು ಕಾಗದದ ಮೇಲಿರಿಸಿ ಸುತ್ತಲೂ ಗೆರೆ ಎಳೆಯುತ್ತಿದ್ದಳು. ಹೆಬ್ಬೆರಳು ಕೋಳಿಯ ತಲೆಯಂತೆ, ಉಳಿದ ನಾಲ್ಕು ಬೆರಳುಗಳು ಅದರ ಪುಕ್ಕವಂತೆ. ಪುಕ್ಕಕ್ಕೊಂದರಂತೆ ‘ಥ್ಯಾಂಕ್ ಯೂ’ ಎಂದು ಬರೆದು ತರಬೇಕೆಂದು ಆಕೆ ಹೋಗುವ ಶಿಶುವಿಹಾರದಲ್ಲಿ ಹೇಳಿಕಳುಹಿಸಿದ್ದರು. ಅಮೆರಿಕದವರ ‘ಥ್ಯಾಂಕ್ಸ್‌ಗಿವಿಂಗ್’ ಎಂಬ ಹಬ್ಬದ ಕೈಗೆಲಸವದು. “ಮುತ್ಯಾ, ಈ ಟರ್ಕಿ ಕೋಳಿ ನಮ್ಮೂರಾಗ ಎಲ್ಲಿರ್ತದ?” ಎಂದು ಕೇಳಿದಳು. ನಮ್ಮೂರಲ್ಲಿ ನಾನು ನೋಡಿಲ್ಲವೆಂದೆನು. “ಮತ್ತ ಅದಕ್ಕ ಯಾಕ ಥ್ಯಾಂಕ್ ಯೂ ಅನ್ನಬೇಕು?” ಎಂದಳು.

ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಈ ಪಂಡಿತನಿಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನೇ ಈ ಸ್ಮರಣ ಸಂಚಿಕೆಯ ವಾಚಕರಾದ ಗುರುಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾಸೋಹಿಗಳ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಪರದೇಶದ ಹಬ್ಬವೆಂಬ ಕಾರಣಕ್ಕೆ ನಾನು ಅದನ್ನು ಹಳಿಯುವವನಲ್ಲ. ಸುಗ್ಗಿಯ ನಂತರ ಉಪಕಾರ ಸ್ಮರಣೆ ಮಾಡುವುದು ಎಲ್ಲ ನಾಡಿನ ಒಕ್ಕಲುಮಕ್ಕಳ ಧರ್ಮ. 1621ರಲ್ಲಿ ಪ್ಲಿಮತ್ ಎಂಬಲ್ಲಿ ನೆಲೆಸಿದ ಇಂಗ್ಲಿಷ್ ವಲಸೆಗಾರರು ತಮ್ಮ ಮೊದಲ ಸುಗ್ಗಿಯನ್ನು ಆ ನೆಲದ ಮೂಲನಿವಾಸಿಗಳಾದ ವಾಂಪನೋಗ್ ಜನರೊಡನೆ ಕುಳಿತು ಉಂಡರು. ಅಧ್ಯಕ್ಷ ಲಿಂಕನ್ 1863ರಲ್ಲಿ ಇಡೀ ದೇಶಕ್ಕೆ ಆ ಆಚರಣೆಯನ್ನು ಸಾರಿದನು. ನವೆಂಬರಿನ ನಾಲ್ಕನೆಯ ಗುರುವಾರವೆಂದು 1941ರಲ್ಲಿ ಕಾನೂನಾಯಿತು. ಆ ಪರದೇಶಿಗಳಿಗೆ ಮೆಕ್ಕೆಜೋಳ ಬಿತ್ತುವ ಬಗೆಯನ್ನು ಕಲಿಸಿದವರು ಅಲ್ಲಿಯ ಮೂಲನಿವಾಸಿಗಳೇ. ಕಲಿಸಿದವರ ನೆಲ ಮುಂದೆ ಯಾರ ಪಾಲಾಯಿತೆಂಬುದನ್ನು ಚರಿತ್ರೆ ಬಲ್ಲದು. ಆದುದರಿಂದಲೇ 1970ರಿಂದ ಅದೇ ದಿನ ಅದೇ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ನೆರೆದು ಅದನ್ನು ಶೋಕದಿನವೆಂದು ಆಚರಿಸುತ್ತಾರೆ. ಅಂಗೈಯ ಗೆರೆಯ ಕೋಳಿಯಲ್ಲಿ ಈ ಕಥೆ ಎಲ್ಲಿಯೂ ಇಲ್ಲ. (ನಮ್ಮ ಹಸಿಮೆಣಸಿನಕಾಯಿ, ಆಲೂಗಡ್ಡೆ, ಶೇಂಗಾಗಳೆಲ್ಲ ಆ ಖಂಡದ ಮೂಲನಿವಾಸಿಗಳು ಬೆಳೆಸಿ ಲೋಕಕ್ಕೆ ಕೊಟ್ಟವು. ಆ ಲೆಕ್ಕದಲ್ಲಿ ನಾವೂ ಅವರ ಋಣಿಗಳೇ.)

ಇಲ್ಲಿ ಶಬ್ದವಿಚಾರ ಸ್ವಲ್ಪ ಅವಶ್ಯ. ‘ಥ್ಯಾಂಕ್ ಯೂ’ ಎಂಬುದಕ್ಕೆ ನಾವು ‘ಧನ್ಯವಾದ’ ಎನ್ನುತ್ತೇವೆ. ಧನವನ್ನು ಪಡೆದವನು ಧನ್ಯನೆಂಬುದು ಪಾಣಿನೀಯರ ವ್ಯುತ್ಪತ್ತಿ. ಧನ್ಯನೆಂದು ನುಡಿಯುವುದು ಧನ್ಯವಾದ. ಅದು ನಾಲಗೆಯ ಕೆಲಸ. ‘ಕೃತಜ್ಞ’ ಎಂಬ ಶಬ್ದದ ದಾರಿಯೇ ಬೇರೆ. ಕೃತಂ ಜಾನಾತಿ, ಮಾಡಿದ್ದನ್ನು ಅರಿಯುವವನು ಕೃತಜ್ಞ. ನನಗಾಗಿ ಏನು ಮಾಡಲ್ಪಟ್ಟಿದೆ, ಮಾಡಿದವರಾರು, ಎಷ್ಟು ಶ್ರಮವಾಯಿತು ಎಂದು ಅರಿಯುವುದು ಅದರ ಅರ್ಥ. ಬಾಯಿಂದ ಹೇಳುವ ಮಾತೇ ಅದರಲ್ಲಿಲ್ಲ. ಒಂದು ಒತ್ತಕ್ಷರ ತಪ್ಪಿದರೆ ಅದು ‘ಕೃತಘ್ನ’ವಾಗುತ್ತದೆ, ಮಾಡಿದ್ದನ್ನು ಕೊಲ್ಲುವವನಾಗುತ್ತಾನೆ, ಉಕ್ತಲೇಖನದಲ್ಲಿ ಈ ತಪ್ಪನ್ನು ಎಷ್ಟು ಬಾರಿ ಕೆಂಪು ಶಾಯಿಯಿಂದ ತಿದ್ದಿದ್ದೇನೋ! ನಮ್ಮ ಹಳ್ಳಿಯ ಹಿರಿಯರು ಒಬ್ಬರಿಗೊಬ್ಬರು ಧನ್ಯವಾದ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯನ್ನು ಅವರು ಬದುಕಿದ್ದನ್ನು ಕಂಡಿದ್ದೇನೆ.

ಹಾಗಾದರೆ ಐದಾರು ವರ್ಷದ ಕೂಸಿಗೆ ಮಾಡಿದ್ದನ್ನು ಅರಿಯುವ ಬಗೆ ಹೇಗೆ? ತಾನು ಮಾಡಿ ನೋಡಬೇಕು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಶಿಕ್ಷಣಕ್ರಮದ ತಿರುಳು ಅದೇ. 1939ರಲ್ಲಿ ಮದರಾಸಿಗೆ ಬಂದ ಮಾಂಟೆಸೊರಿ ಅವರು ಹೇಳಿದ್ದೂ ಕೈಯ ಮೂಲಕ ಬುದ್ಧಿ ಎಂಬುದನ್ನೇ. ಆದರೆ ಅದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಜ್ಯೇಷ್ಠ ಮಾಸದ ಅಮಾವಾಸ್ಯೆಯ ದಿನ ನಮ್ಮ ಮನೆಯ ಕಟ್ಟೆಯ ಮೇಲೆ ಆ ಪಾಠ ನಡೆಯುತ್ತಿತ್ತು.

ಮಣ್ಣೆತ್ತಿನ ಅಮಾವಾಸ್ಯೆಯನ್ನು ಬಲ್ಲದ ವಾಚಕರು ಇಲ್ಲಿ ಯಾರೂ ಇರಲಾರರು. ಆದರೂ ಅದನ್ನು ಒಂದು ಪಾಠವೆಂದು ಬಗೆದು ನೋಡಿ. ಮುಂಗಾರಿನ ಹೊಸ್ತಿಲಲ್ಲಿ, ಕೂರಿಗೆ ಹೂಡುವ ಹೊತ್ತಿಗೆ, ಮಗು ಕೆರೆಯಂಗಳದ ಇಲ್ಲವೆ ಹುತ್ತದ ಮಣ್ಣನ್ನು ನೆನೆಸುತ್ತದೆ. ನೀರು ಹೆಚ್ಚಾದರೆ ಎತ್ತು ಕುಸಿದು ಮಲಗುತ್ತದೆ. ಕಡಿಮೆಯಾದರೆ ಒಣಗುವಾಗ ಬಿರಿಯುತ್ತದೆ. ಹದ ಎಂಬ ಶಬ್ದದ ಅರ್ಥವನ್ನು ಯಾವ ನಿಘಂಟೂ ಇಷ್ಟು ಚೆನ್ನಾಗಿ ಹೇಳದು. ಒಂದು ಎತ್ತಿಗೆ ಕಾಲು ನಾಲ್ಕು, ಜೋಡಿಗೆ ಎಂಟು, ಕೋಡು ಎರಡೆರಡು. ಹೆಗಲ ಮೇಲಿನ ಡುಬ್ಬವನ್ನು ಮರೆತರೆ ಅದು ಎತ್ತಲ್ಲ, ನಾಯಿ. ನೊಗ ನಿಲ್ಲುವುದು ಅಲ್ಲಿಯೇ ಎಂದು ಅಜ್ಜಿ ಹೇಳುತ್ತಾಳೆ. ಕಣ್ಣಿಗೆ ಕುಸುಬಿಯ ಕಾಳು ಅಥವಾ ಗುಲಗಂಜಿ. ಮುಂದೆ ಒಂದು ಮಣ್ಣಿನ ಗ್ವಾದಲಿ, ಅದರಲ್ಲಿ ನಾಲ್ಕು ಜೋಳ. ನಮ್ಮ ಸೀಮೆಯ ದೇವಣಿ ತಳಿಯ ಬಿಳಿ ಮೈಯ ಮೇಲಿನ ಕಪ್ಪು ಮಚ್ಚೆಯನ್ನೂ, ಕೆಲವಕ್ಕೆ ಇರುವ ಕಪ್ಪು ಮುಖವನ್ನೂ ಸುಣ್ಣ ಮತ್ತು ಇದ್ದಿಲಿನಿಂದ ತೋರಿಸಬಹುದು. ಕಾಲು ಮುರಿಯುತ್ತದೆ, ಮತ್ತೆ ಅಂಟಿಸುತ್ತದೆ, ಮತ್ತೆ ಮುರಿಯುತ್ತದೆ. ಭಾರ ಹೊರುವ ಕಾಲು ಎಷ್ಟು ದಪ್ಪವಿರಬೇಕೆಂಬುದು ಆರನೆಯ ಸಲಕ್ಕೆ ತಿಳಿಯುತ್ತದೆ. ಆ ಕೂಸು ಮರುದಿನ ಬೀದಿಯಲ್ಲಿ ಗಾಡಿ ಎಳೆಯುವ ಎತ್ತಿನ ಕಾಲನ್ನು ನೋಡುವ ನೋಟವೇ ಬೇರೆ.

ಮರುದಿನದ ಆಟ ನನಗೆ ಇನ್ನೂ ಪ್ರಿಯವಾದುದು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಮಕ್ಕಳು ಕಾಲು ಮುರಿದ ಮಣ್ಣೆತ್ತನ್ನು ಹಿಡಿದು ಮನೆಮನೆಗೆ ಹೋಗಿ, ಕುಂಟೆತ್ತಿಗೆಂದು ಜೋಳ ಬೇಡುತ್ತಾರೆ. ಬಂದ ಕಾಳನ್ನು ಕೂಡಿಸಿ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ದುಡಿಯಲಾರದ ಎತ್ತಿಗೂ ಮೇವು ಸಲ್ಲಬೇಕೆಂಬ ನ್ಯಾಯವನ್ನು ಇಷ್ಟು ನಗುನಗುತ್ತ ಕಲಿಸುವ ಪಾಠ ನನ್ನ ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ಧಾರವಾಡ, ವಿಜಯಪುರಗಳ ಕಡೆ ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಮಾಡುವ ಗುಳ್ಳವ್ವ, ಗಡಿಯಾಚೆ ವಿದರ್ಭದಲ್ಲಿ ಪೋಳಾ ಹಬ್ಬದ ಮರುದಿನ ಹುಡುಗರು ಎಳೆಯುವ ಮರದ ಎತ್ತು ಇವೆಲ್ಲ ಇದರ ಒಡಹುಟ್ಟುಗಳು.

ಮಠದ ಆವರಣದಲ್ಲಿ ಕುಳಿತು ಇದನ್ನು ಬರೆಯುವಾಗ ಒಂದು ಆಕ್ಷೇಪ ಕೇಳಿಬರುವುದನ್ನು ಬಲ್ಲೆನು. ಶರಣರ ಧರ್ಮ ಇಷ್ಟಲಿಂಗನಿಷ್ಠೆಯದು. ಮಣ್ಣಿನ ಬೊಂಬೆಗೆ ಕೈಮುಗಿಯುವುದನ್ನು ಶರಣರ ಹೆಸರಿನ ಶಾಲೆಯಲ್ಲಿ ಹೊಗಳಬಹುದೇ? ನಮ್ಮ ಹಿರಿಯ ಅಧ್ಯಾಪಕರೊಬ್ಬರು ಹಿಂದೆ ಈ ಮಾತನ್ನು ನೇರವಾಗಿಯೇ ಎತ್ತಿದ್ದರು, ಅದು ಹಗುರಾದ ಮಾತಲ್ಲ. ನನ್ನ ಸಮಾಧಾನವಿಷ್ಟೆ: ಪೂಜೆ ಬೇಡವೆನ್ನುವ ಮನೆಯವರು ಪೂಜೆಯನ್ನು ಬಿಡಲಿ, ಮಣ್ಣನ್ನು ಬಿಡುವುದು ಬೇಡ. ಮರುದಿನ ನೀರಿಗೆ ಬಿಟ್ಟು ಕರಗಿಸುವ ಎತ್ತನ್ನು ಯಾವ ಮಗುವೂ ಸ್ಥಾವರವೆಂದು ತಿಳಿಯದು. ಮೇಲಾಗಿ ‘ವೃಷಭ’ದ ತದ್ಭವವೇ ‘ಬಸವ’. ಹಳ್ಳಿಯ ಹೆಣ್ಣುಮಗಳು ಆ ಮಣ್ಣೆತ್ತನ್ನು ಬಸವಣ್ಣನೆಂದೇ ಕರೆಯುತ್ತಾಳೆ. ಹನ್ನೆರಡನೆಯ ಶತಮಾನದ ಈ ಕಲ್ಯಾಣದಲ್ಲಿ ಶರಣರನ್ನು ಗುರುತಿಸಿದ್ದು ಅವರ ಕೈಯ ಕೆಲಸದಿಂದ: ಹುಲ್ಲು ಕೊಯ್ದು ಹಗ್ಗ ಹೊಸೆದವನು ನುಲಿಯ ಚಂದಯ್ಯ, ದೋಣಿ ನಡೆಸಿದವನು ಅಂಬಿಗರ ಚೌಡಯ್ಯ, ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವರು ಮಾರಯ್ಯ ಲಕ್ಕಮ್ಮ ದಂಪತಿಗಳು. ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಥೆ ನಮ್ಮ ಪ್ರತಿ ವಿದ್ಯಾರ್ಥಿಗೂ ಕಂಠಸ್ಥ. ಒಂದು ಮುಷ್ಟಿ ಕಾಳಿನ ಹಿಂದೆ ಯಾರ ಬೆವರಿದೆ ಎಂದು ಅರಿತ ಊರು ಇದು.

ಇನ್ನೊಂದು ಆಕ್ಷೇಪ ನನ್ನ ಮೊಮ್ಮಗಳದೇ ಆಗಬಹುದು, ಅದು ಹೆಚ್ಚು ಕಠಿಣ. ನಾಳೆ ಅವಳು “ಮುತ್ಯಾ, ನಮ್ಮ ಮನ್ಯಾಗ ಎತ್ತು ಎಲ್ಲವ?” ಎಂದು ಕೇಳಿದರೆ? ಅಳಿಯನ ಹೊಲವನ್ನು ಇಂದು ಉಳುವುದು ಬಾಡಿಗೆಯ ಟ್ರ್ಯಾಕ್ಟರ್. ಓಣಿಯಲ್ಲಿ ಎತ್ತು ಕಟ್ಟಿದ ಮನೆ ಎರಡೋ ಮೂರೋ. ಕಾಣದ ಟರ್ಕಿ ಕೋಳಿಗೂ ಕಾಣದ ಎತ್ತಿಗೂ ಏನು ಭೇದ? ಸಂತೆಯಲ್ಲಿ ಅಚ್ಚಿಗೆ ಹಾಕಿದ, ಬಣ್ಣ ಬಳಿದ ಪ್ಲಾಸ್ಟರಿನ ಜೋಡಿಯನ್ನು ತಂದು ಜಗುಲಿಯ ಮೇಲಿಟ್ಟರೆ ಭೇದವೇನೂ ಇಲ್ಲವೆಂದು ಒಪ್ಪಲೇಬೇಕು. (ಕುಂಬಾರರಿಂದ ಕೊಳ್ಳುವುದು ಬೇರೆ ಮಾತು, ಅದು ಅವರ ಕಾಯಕ, ಅವರಿಗೆ ಸಲ್ಲಬೇಕು. ಅದರ ಪಕ್ಕದಲ್ಲಿ ಕೂಸು ಮಾಡಿದ ಸೊಟ್ಟ ಎತ್ತೂ ಇರಲಿ.) ಕೆಲವು ವರ್ಷಗಳ ಹಿಂದೆ ನಮ್ಮ ಪ್ರಸಾದ ನಿಲಯದ ಹುಡುಗನೊಬ್ಬನು ಎತ್ತಿನ ಬದಲು ಮಣ್ಣಿನ ಟ್ರ್ಯಾಕ್ಟರ್ ಮಾಡಿ, ಅದಕ್ಕೆ ಕುಂಕುಮವಿಟ್ಟು ತಂದನು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಅವನ ತಂದೆ ಇನ್ನೊಬ್ಬರ ಟ್ರ್ಯಾಕ್ಟರ್ ನಡೆಸಿ ಮಗನ ಹೊಟ್ಟೆ ಹೊರೆಯುವವನೆಂಬುದು ಆಮೇಲೆ ತಿಳಿಯಿತು. ಆ ದಿನ ನಮ್ಮ ಶಾಲೆಯಲ್ಲಿ ಕೃತಜ್ಞನಾಗಿದ್ದವನು ಅವನೊಬ್ಬನೇ, ಮತ್ತು ಅವನನ್ನು ನೋಡಿ ನಕ್ಕ ಪಂಡಿತನು ಆ ಶಬ್ದದ ವ್ಯುತ್ಪತ್ತಿಯನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದವನು.

ಅಂದಿನಿಂದ ನನ್ನ ಅಭಿಪ್ರಾಯ ಬದಲಾಗಿದೆ. ಮಗು ಎತ್ತನ್ನು ಮಾಡಲಿ. ಎತ್ತು ಸಾಕಿದವರ ಮನೆಗೆ ಹೋಗಿ ಅದನ್ನು ಮುಟ್ಟಿ ನೋಡಲಿ. ಜೊತೆಗೆ ತನ್ನ ತುತ್ತಿನ ಹಿಂದಿರುವ ಇನ್ನಾರನ್ನಾದರೂ ಮಣ್ಣಿನಲ್ಲಿ ಮಾಡಲಿ: ಕುರ್ಪಿ ಹಿಡಿದು ಬಗ್ಗಿ ಕಳೆ ತೆಗೆಯುವ ಹೆಣ್ಣುಮಗಳನ್ನು, ಮೂಟೆ ಹೊರುವ ಹಮಾಲನನ್ನು, ಟ್ರ್ಯಾಕ್ಟರನ್ನು. ಅವರ ಹೆಸರು ಕೇಳಿ ತಿಳಿದುಕೊಳ್ಳಲಿ.

ಇನ್ನು ಎಳ್ಳ ಅಮಾವಾಸ್ಯೆ. ಮಾರ್ಗಶಿರದ ಆ ದಿನ ಬಸವಕಲ್ಯಾಣ, ಹುಮನಾಬಾದಿನ ಬೀದಿಗಳು ಬರಿದಾಗಿ ಹೊಲಗಳು ತುಂಬುತ್ತವೆ. ಹಿಂಗಾರಿ ಜೋಳ ಮೇಲೆದ್ದು, ಕಡಲೆ ಹಸಿರಾಗಿ, ತೊಗರಿ ಕಾಯಿ ಬಲಿತಿರುವ ಕಾಲ. ಹಿಂದಿನ ರಾತ್ರಿ ಭಜ್ಜಿಗೆಂದು ಹಸಿ ತೊಗರಿ, ಅವರೆ, ಬಟಾಣಿ, ಕಡಲೆಯ ಕಾಯಿಗಳನ್ನು ಸುಲಿಯಲು ಮಕ್ಕಳನ್ನೇ ಕೂರಿಸಿರಿ; ಯಾವ ಕಾಳು ಯಾವ ಸಿಪ್ಪೆಯಿಂದ ಬಂದಿತೆಂದು ಬೇರ್ಪಡಿಸಲು ಹೇಳಿರಿ. ಶಿಕ್ಷಣಶಾಸ್ತ್ರಜ್ಞರು ಇದಕ್ಕೆ ವರ್ಗೀಕರಣವೆಂದು ಹೆಸರಿಟ್ಟಿದ್ದಾರೆ, ಅಜ್ಜಿ ಭಜ್ಜಿಯ ಸಿದ್ಧತೆ ಎನ್ನುತ್ತಾಳೆ. ಹೊಲದಲ್ಲಿ ಜೋಳದ ದಂಟಿನ ಪುಟ್ಟ ಗುಡಿಸಲು, ಒಳಗೆ ಸುಣ್ಣ ಬಳಿದ ಐದು ಕಲ್ಲು. ಕಲ್ಲು ಆರಿಸುವುದು, ದಂಟು ನಿಲ್ಲಿಸಿ ಕಟ್ಟುವುದು ಕಿರಿಯರ ಕೆಲಸವಾಗಿರಲಿ. ಆಮೇಲೆ ಚರಗ. ಅಂಬಲಿ, ಸಜ್ಜೆಯ ರೊಟ್ಟಿ, ಭಜ್ಜಿಗಳ ಮೊದಲ ಪಾಲು ಮನುಷ್ಯರಿಗಲ್ಲ; ಹೊಲದ ಸುತ್ತ ನಡೆದು ಭೂಮಿಗೆ, ಹಕ್ಕಿಗೆ, ಹುಳುವಿಗೆ ಚೆಲ್ಲುವುದು. ಆ ನಂತರ ಹಾದಿಹೋಕರನ್ನು ಕರೆದು ಉಣಬಡಿಸುವುದು. ಹೊಲವಿಲ್ಲದವರನ್ನೂ ಅನ್ಯಮತದ ನೆರೆಯವರನ್ನೂ ಆ ದಿನ ಕರೆಯದಿರುವುದು ನಮ್ಮ ಸೀಮೆಯಲ್ಲಿ ಅವಮಾನಕರ. ಸೋಯಾ ಬೆಳೆ ಹಬ್ಬಿದ ಮೇಲೆ ಗುಡಿಸಲಿಗೆ ಜೋಳದ ದಂಟನ್ನು ಹುಡುಕಬೇಕಾದ ಹೊಲಗಳೂ ಇವೆ. ಮಗು ಅದನ್ನು ಕೇಳಿದರೆ ಅದಕ್ಕೂ ಉತ್ತರ ಹೇಳಿರಿ.

ಇಷ್ಟೆಲ್ಲವನ್ನೂ ಶಾಲೆ ಕೈಗೆತ್ತಿಕೊಳ್ಳಲಿ ಎಂದು ಕೆಲವರು ಸೂಚಿಸಬಹುದು. ನನಗೆ ಅದು ಭಯ. ಶಾಲೆ ಮುಟ್ಟಿದೊಡನೆ ಅದಕ್ಕೆ ಅಂಕ, ಬಹುಮಾನ, ಛಾಯಾಚಿತ್ರ ಬರುತ್ತವೆ. ತಾಯಂದಿರು ರಾತ್ರಿ ಕುಳಿತು ಮಕ್ಕಳ ಬದಲಿಗೆ ಎತ್ತು ಮಾಡುತ್ತಾರೆ. 1948ರವರೆಗಿನ ನಿಜಾಮರ ಆಳ್ವಿಕೆಯಲ್ಲಿ ಉರ್ದು ಶಾಲೆಗಳ ನಡುವೆ ಈ ಜಿಲ್ಲೆಯ ಕನ್ನಡ ಉಳಿದದ್ದು ಮನೆಯಲ್ಲಿ ಮತ್ತು ಮಠದಲ್ಲಿ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದುದನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಮನೆಯ ಪಾಠದ ಬಲವನ್ನು ಬಲ್ಲ ನಾವು ಅದನ್ನು ಮನೆಯಿಂದ ಕಸಿಯಬಾರದು. ಶಾಲೆ ಮಾಡಬೇಕಾದುದು ಎರಡೇ: ಮಣ್ಣೆತ್ತಿನ ಅಮಾವಾಸ್ಯೆಯ ಮಧ್ಯಾಹ್ನ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಬಿಡುವು ಕೊಡುವುದು, ಆ ದಿನ ಮನೆಗೆಲಸ ಕೊಡದಿರುವುದು.

ಪ್ರಸಾದ ನಿಲಯದ ಮಕ್ಕಳ ಮಾತು ಬೇರೆ. ಅವರ ತಂದೆತಾಯಿಗಳಲ್ಲಿ ಹಲವರು ಹೈದರಾಬಾದ್, ಪುಣೆಗಳಿಗೆ ದುಡಿಯಲು ಹೋದವರು. ಅವರಿಗೆ ಆ ದಿನ ಕಟ್ಟೆಯೂ ಇಲ್ಲ, ಅಜ್ಜಿಯೂ ಇಲ್ಲ. ಎಳ್ಳ ಅಮಾವಾಸ್ಯೆಗೆ ಹೊಲವಿರುವ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರು ನಾಲ್ಕೈದು ಮಕ್ಕಳನ್ನು ತಮ್ಮ ಮನೆಯವರೊಡನೆ ಕರೆದೊಯ್ಯಬೇಕೆಂದು ಬೇಡುತ್ತೇನೆ. ಅತಿಥಿಗಳೆಂದು ಚಾಪೆಯ ಮೇಲೆ ಕೂರಿಸುವುದು ಬೇಡ. ಕಾಯಿ ಸುಲಿಯಲು, ದಂಟು ಕಟ್ಟಲು, ಚರಗದ ಹಿಂದೆ ನೀರು ಹಿಡಿದು ನಡೆಯಲು ಹಚ್ಚಿರಿ. ದಾಸೋಹಿಗಳಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು: ನಿಲಯದ ಅಂಗಳಕ್ಕೆ ಒಂದು ಗಾಡಿ ಒಳ್ಳೆಯ ಕೆರೆಮಣ್ಣು. ಮುಂಗಾರು ಮಳೆ ಬಿದ್ದು ಕೆರೆಯಂಗಳ ಕೆಸರಾದರೆ ಮಣ್ಣು ತರುವುದು ಕಷ್ಟ. ಆದುದರಿಂದ ಕೊಡುವವರು ವೈಶಾಖ ಮುಗಿಯುವುದರೊಳಗೆ ಕಾರ್ಯಾಲಯಕ್ಕೆ ತಿಳಿಸಬೇಕು.