ಕುದುರೆ ಬಿತ್ತು, ಈಡು ಹಾರಲಿಲ್ಲ

ಕೋವಿಯ ಕುದುರೆ, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ, ಬಿದ್ದೂ ಈಡು ಹಾರದಿದ್ದರೆ ನಮ್ಮಜ್ಜ ಕೋವಿಯನ್ನು ಕೆಳಗಿಳಿಸುತ್ತಿರಲಿಲ್ಲ. ನಳಿಗೆ ಗದ್ದೆಯಾಚೆಯ ಬರೆಯ ಕಡೆಗೇ ಇರುತ್ತಿತ್ತು, ಬೆರಳು ಮಾತ್ರ ಹೊರಗೆ ಬರುತ್ತಿತ್ತು. ಬಾಯಲ್ಲಿ ಎಣಿಕೆ. ಅದು ಮುಗಿಯುವ ತನಕ ನಾವು ಮಕ್ಕಳು ಉಸಿರು ಬಿಡುವಂತಿರಲಿಲ್ಲ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿದ್ದದ್ದು ಹಳೆಯ ಕೇಪಿನ ಕೋವಿ, ಕುದುರೆಯ ಏಟಿಗೆ ಕೇಪು ಸಿಡಿದು ಒಳಗಿನ ಮದ್ದಿಗೆ ಬೆಂಕಿ ತಾಗಿಸುವಂಥದ್ದು. ಪೈರಿಗೆ ಬೀಳುವ ಹಂದಿಗಳನ್ನು ಬೆದರಿಸಲು ಮಳೆಗಾಲದ ರಾತ್ರಿಗಳಲ್ಲಿ ಹೊರಗೆ ಬರುತ್ತಿತ್ತು. ಕೇಪು ಥಂಡಿ ಹಿಡಿದಿದೆ ಎಂದು ನಾವು ಕೂಗಿದರೆ ಅಜ್ಜ ಒಪ್ಪುತ್ತಿರಲಿಲ್ಲ. ಮೊದಲು ಕೇಪು ಕೂರುವ ತೂತಿಗೆ ಸೂಜಿ ಹಾಕಿ ನೋಡುತ್ತಿದ್ದರು. ಹೆಚ್ಚಿನ ಸಲ ಅಲ್ಲಿ ಮಸಿ ಕಟ್ಟಿಕೊಂಡಿರುತ್ತಿತ್ತು, ಅಂದರೆ ಹಿಂದಿನ ದಿನ ಕೋವಿ ತೊಳೆದವರು ಸರಿಯಾಗಿ ತೊಳೆದಿರಲಿಲ್ಲ.

ನಾನೀಗ 26 ವರ್ಷದಿಂದ ಅಮೆರಿಕದ ಒಹಾಯೊದಲ್ಲಿದ್ದೇನೆ. ಬೇರಿಂಗ್ ತಯಾರಿಸುವ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಶನಿವಾರಗಳಲ್ಲಿ ಕ್ಲಬ್ಬಿನಲ್ಲಿ ಪಿಸ್ತೂಲಿನ ಗುರಿ ಅಭ್ಯಾಸ. ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿ ನಮ್ಮ ರಾಜ್ಯದಲ್ಲೇ ಇದೆ. 1907ರಿಂದ ರಾಷ್ಟ್ರಮಟ್ಟದ ಗುರಿ ಸ್ಪರ್ಧೆಗಳನ್ನು ಕಂಡ ಜಾಗ ಅದು. ಈ ಆಟಕ್ಕೆ ಗುಂಡು ಬಹಳ ಬೇಕು, ಅಂಗಡಿಯ ಗುಂಡು ದುಬಾರಿ. ಆದ್ದರಿಂದ ಇಲ್ಲಿನ ಹಲವರು ಒಮ್ಮೆ ಹಾರಿಸಿದ ತೋಟೆಯ ಹಿತ್ತಾಳೆ ಕೊಳವೆಯನ್ನು ಹೆಕ್ಕಿ ತಂದು, ಹೊಸ ಪ್ರೈಮರ್ (ಮದ್ದನ್ನು ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಇಲ್ಲಿ ಅದು ಕಾನೂನಿಗೆ ಒಪ್ಪಿತವಾದ ಹವ್ಯಾಸ. ಊರಿನ ಓದುಗರು ಇದನ್ನು ಮನೆಯಲ್ಲಿ ಮಾಡಹೋಗಬಾರದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಕಳೆದ ಅಕ್ಟೋಬರಿನಲ್ಲಿ ನಮ್ಮ ಕ್ಲಬ್ಬಿನ ಪಂದ್ಯಕ್ಕೆ ದಾವಣಗೆರೆ ಕಡೆಯ ಹುಡುಗನೊಬ್ಬ ಬಂದಿದ್ದ. ಸಾಫ್ಟ್‌ವೇರ್ ಕೆಲಸದವನು, ಶ್ರದ್ಧೆಯುಳ್ಳವನು, ಗುಂಡು ತುಂಬಲು ಕಲಿತು ಮೂರು ತಿಂಗಳಾಗಿತ್ತು. 20 ಸೆಕೆಂಡಿನಲ್ಲಿ ಐದು ಈಡು ಹಾರಿಸುವ ಸುತ್ತು. ಎರಡನೆಯದಕ್ಕೇ ಬರೀ 'ಟಕ್' ಎಂಬ ಸದ್ದು. ಅವನು ಕ್ಷಣವೂ ತಡೆಯದೆ ಪಿಸ್ತೂಲಿನ ಸ್ಲೈಡ್ ಎಳೆದು ಆ ತೋಟೆಯನ್ನು ಹೊರಗೆ ಹಾರಿಸಿಬಿಟ್ಟ. ಪಕ್ಕದ ಸಾಲಿನಲ್ಲಿದ್ದ ನನ್ನ ಎದೆ ಝಲ್ಲೆಂದಿತು. ಕೆಲವೊಮ್ಮೆ ಪ್ರೈಮರ್ ತಡವಾಗಿ ಹತ್ತಿಕೊಳ್ಳುತ್ತದೆ. ಸುತ್ತ ಉಕ್ಕಿನ ಆಸರೆಯಿಲ್ಲದೆ ಬಯಲಲ್ಲಿ ಸಿಡಿದ ತೋಟೆಯ ಹಿತ್ತಾಳೆ ಚೂರುಗಳು ಎತ್ತ ಹೋಗುತ್ತವೆಂದು ಹೇಳಲಾಗದು. ಅದಕ್ಕೇ ನಿಯಮವಿರುವುದು: ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಹೊರಗಿರಲಿ, 30 ಸೆಕೆಂಡು ಕಾಯಿ. ಅಜ್ಜ ಯಾವ ನಿಯಮ ಪುಸ್ತಕವನ್ನೂ ಓದಿದವರಲ್ಲ.

ಆ ದಿನ ಅವನ ಹತ್ತು ತೋಟೆಗಳಲ್ಲಿ ಮೂರು ಕೈಕೊಟ್ಟವು. "ಅಣ್ಣಾ, ಪ್ರೈಮರ್ ಕಂಪನಿಯದ್ದೇ ತಪ್ಪು, ಇಡೀ ಡಬ್ಬಿ ವಾಪಸ್ ಮಾಡ್ತೀನಿ" ಅಂದ. ನಾನು ಡಬ್ಬಿ ನೋಡಲಿಲ್ಲ. ಸುತ್ತು ಮುಗಿದ ಮೇಲೆ, ನಳಿಗೆ ಖಾಲಿಯೆಂದು ಖಾತ್ರಿ ಮಾಡಿಕೊಂಡು, ಅವೇ ಮೂರನ್ನು ಒಂದೊಂದಾಗಿ ಮತ್ತೆ ಹಾಕಿಸಿದೆ. ಎರಡು ಎರಡನೇ ಏಟಿಗೆ ಹಾರಿದವು.

ಎರಡನೇ ಏಟಿಗೆ ಹಾರುವ ತೋಟೆ ತನ್ನ ರೋಗವನ್ನು ತಾನೇ ಹೇಳಿಕೊಂಡಂತೆ. ಪ್ರೈಮರ್ ಅಂದರೆ ಅಜ್ಜನ ಕೇಪಿನ ಮೊಮ್ಮಗ. ಪುಟ್ಟ ಲೋಹದ ಬಟ್ಟಲು, ಅದರೊಳಗೆ ಏಟಿಗೆ ಸಿಡಿಯುವ ಮದ್ದು, ಮದ್ದಿಗೆ ತಾಗಿಕೊಂಡಿರುವ ಒಂದು ಚಿಕ್ಕ ಅಡಿಗಲ್ಲು. ಹೊರಗಿನಿಂದ ಬಂದೂಕಿನ ಪಿನ್ನು ಬಟ್ಟಲಿಗೆ ಬಡಿದಾಗ ಮದ್ದು ಅಡಿಗಲ್ಲಿಗೂ ಬಟ್ಟಲಿಗೂ ನಡುವೆ ಸಿಕ್ಕಿ ಜಜ್ಜಿಹೋಗಬೇಕು. ಕಮ್ಮಾರನ ಅಡಿಗಲ್ಲು ಅಲ್ಲಾಡುತ್ತಿದ್ದರೆ ಸುತ್ತಿಗೆಯ ಏಟಿಗೆ ಬಲವೆಲ್ಲಿ? ಪ್ರೈಮರಿನ ಅಡಿಗಲ್ಲಿನ ಕಾಲುಗಳು ತೋಟೆಯ ಬುಡದಲ್ಲಿ ಪ್ರೈಮರ್ ಕೂರುವ ಗುಳಿಯ ತಳ ಮುಟ್ಟಿರಲೇಬೇಕು. ಮುಟ್ಟದಿದ್ದರೆ ಮೊದಲ ಏಟಿನ ಬಲವೆಲ್ಲ ಪ್ರೈಮರನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ. ಎರಡನೆಯ ಏಟು ಬೀಳುವ ಹೊತ್ತಿಗೆ ಕಾಲು ತಳ ಮುಟ್ಟಿರುತ್ತದೆ, ತೋಟೆ ಹಾರುತ್ತದೆ. ಪ್ರೈಮರಿನಲ್ಲಿ ದೋಷವಿಲ್ಲ, ಕೂರಿಸಿದ ಕೈಯಲ್ಲಿ ದೋಷ.

ಸರಿಯಾಗಿ ಕೂತ ಪ್ರೈಮರ್ ತೋಟೆಯ ತಳಮಟ್ಟಕ್ಕಿಂತ ಇಂಚಿನ ಸಾವಿರದ 3ರಿಂದ 5 ಭಾಗ ಒಳಗಿರಬೇಕು. ತಲೆಗೂದಲಿನ ದಪ್ಪಕ್ಕೆ ಹತ್ತಿರದ ಅಳತೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ನನ್ನ ಚೀಲದಲ್ಲಿ ಸದಾ ಅಂಗೈಯಗಲದ ಒಂದು ಗಾಜಿನ ತುಂಡಿರುತ್ತದೆ. ಅದರ ಮೇಲೆ ಅವನ ಉಳಿದ ತೋಟೆಗಳನ್ನು ಬುಡ ಕೆಳಗಾಗಿ ನಿಲ್ಲಿಸಿದೆ. ಹಲವು ನೆಟ್ಟಗೆ ನಿಂತವು, ಆರು ತೊನೆದಾಡಿದವು. ಹುಡುಗ ಮಾತಾಡಲಿಲ್ಲ. ಆ ಆರನ್ನು ಮನೆಗೆ ಒಯ್ದು ತೋಟೆ ತುಂಬುವ ಯಂತ್ರಕ್ಕಿಟ್ಟು ಮತ್ತೆ ಒತ್ತಲು ಅವನು ಹೊರಟಾಗ ಮಾತ್ರ ನಾನು ಕೈ ಹಿಡಿದೆ. ಮದ್ದು ಗುಂಡು ತುಂಬಿ ಮುಗಿದ ತೋಟೆಯ ಪ್ರೈಮರನ್ನು ಯಾವ ಕಾರಣಕ್ಕೂ ಮತ್ತೆ ಒತ್ತಬಾರದು. ಅದು ಸಿಡಿದರೆ ಒತ್ತುವವನ ಮುಖದೆದುರಿಗೇ ಸಿಡಿಯುತ್ತದೆ.

ಪ್ರೈಮರುಗಳು ಯಾಕೆ ಹಾಗೆ ಕೂತವು ಎಂದು ತಿಳಿಯಲು ಅವನ ಗ್ಯಾರೇಜಿಗೇ ಹೋಗಬೇಕಾಯಿತು. ಹಿತ್ತಾಳೆಯನ್ನು ಅಗ್ಗಕ್ಕೆ ಮೂಟೆಗಟ್ಟಲೆ ಕೊಂಡಿದ್ದ. ಅದರಲ್ಲಿ ಸೇನೆಯ ಹಳೆಯ ತೋಟೆಗಳೂ ಬೆರೆತಿದ್ದವು. ಸೇನೆಯ ತೋಟೆಗಳಲ್ಲಿ ಪ್ರೈಮರ್ ಕದಲದಂತೆ ಗುಳಿಯ ಬಾಯನ್ನು ಸುತ್ತಲೂ ಅದುಮಿರುತ್ತಾರೆ. ಆ ಅಂಚನ್ನು ತೆಗೆಯದೆ ಹೊಸ ಪ್ರೈಮರ್ ಪೂರ್ತಿ ಇಳಿಯುವುದಿಲ್ಲ. ಇನ್ನು ಕೆಲವು ಗುಳಿಗಳ ತಳದಲ್ಲಿ ಹಿಂದಿನ ಈಡಿನ ಕಿಟ್ಟ ಗಟ್ಟಿಯಾಗಿ ಕೂತಿತ್ತು, ಅಜ್ಜನ ಕೋವಿಯ ತೂತಿನ ಹಾಗೆಯೇ. ಇದೆಲ್ಲಕ್ಕಿಂತ ದೊಡ್ಡದು ಅವನ ಅವಸರ. ಒಂದೇ ಎಳೆತಕ್ಕೆ ಎಲ್ಲ ಹಂತವೂ ನಡೆಯುವ ಯಂತ್ರ ಅದು. ಗಂಟೆಗೆ 500 ತುಂಬುತ್ತೇನೆಂದು ಅವನು ಹೆಮ್ಮೆಯಿಂದ ಹೇಳಿದ್ದ. ಆ ವೇಗದಲ್ಲಿ ಪ್ರೈಮರ್ ತಳ ಮುಟ್ಟಿತೇ ಎಂದು ಕೈಗೆ ತಿಳಿಯಲು ಸಮಯವೇ ಇರುವುದಿಲ್ಲ. ಹೊಸಬರು ಮೊದಲ ಒಂದು ವರ್ಷವಾದರೂ ಕೈ ಉಪಕರಣದಲ್ಲಿ ಒಂದೊಂದಾಗಿಯೇ ಪ್ರೈಮರ್ ಕೂರಿಸಬೇಕು ಎಂಬುದು ನನ್ನ ಹಟ. ತಳ ಮುಟ್ಟಿದಾಗ ಹೆಬ್ಬೆರಳಿಗೆ ಆಗುವ ಆ ತಡೆಯನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಇನ್ನು ಪಂದ್ಯದ ದಿನ ಕೈಕೊಟ್ಟ ಮೂರನೆಯ ತೋಟೆ ಎರಡನೇ ಏಟಿಗೂ ಹಾರಿರಲಿಲ್ಲ. ಅದನ್ನು ಪಿಸ್ತೂಲಿನಿಂದ ಕಳಚಿದ ನಳಿಗೆಯೊಳಕ್ಕೆ ಬಿಟ್ಟು ನೋಡಿದರೆ ಇರಬೇಕಾದ್ದಕ್ಕಿಂತ ಒಳಗೆ ಇಳಿದು ಕೂತಿತು. ಅವನದು 45 ಕ್ಯಾಲಿಬರಿನ ಪಿಸ್ತೂಲು. ಈ ತೋಟೆ ತನ್ನ ಬಾಯಂಚಿನ ಆಧಾರದ ಮೇಲೆ ನಳಿಗೆಯಲ್ಲಿ ನಿಲ್ಲುತ್ತದೆ. ಗುಂಡು ಬಿಗಿಯಾಗಲೆಂದು ಅಂಚನ್ನು ಅತಿಯಾಗಿ ಮಡಿಸಿದರೆ ಆ ಆಧಾರವೇ ಹೋಗಿ ತೋಟೆ ಪಿನ್ನಿನಿಂದ ದೂರ ಸರಿಯುತ್ತದೆ. ಅದನ್ನು ಕ್ಲಬ್ಬಿನ ಕೆಟ್ಟ ತೋಟೆಗಳ ಡಬ್ಬಿಗೆ ಹಾಕಿದೆವು.

ಇಷ್ಟಾದ ಮೇಲೆ ಅವನು ಇನ್ನೊಂದು ಸಂಗತಿ ಬಾಯಿಬಿಟ್ಟ. ಟ್ರಿಗರ್ ಹಗುರಾಗಲೆಂದು ಕುದುರೆಯ 23 ಪೌಂಡಿನ ಸ್ಪ್ರಿಂಗ್ ತೆಗೆದು 17 ಪೌಂಡಿನದ್ದು ಹಾಕಿಸಿದ್ದನಂತೆ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಚಾಳಿ. ರಿವಾಲ್ವರ್ ಇಟ್ಟುಕೊಂಡವರು ಹಿಡಿಯ ಮುಂಬದಿಯ ಸ್ಕ್ರೂ ಸಡಿಲಿಸಿ ಇದೇ ಕೆಲಸ ಮಾಡುತ್ತಾರೆ. ಏಟಿನ ಬಲ ಕುಗ್ಗಿಸಿಕೊಂಡು, ಅದನ್ನು ಸರಿದೂಗಿಸಲು ಮೃದುವಾದ ಬಟ್ಟಲಿನ ಪ್ರೈಮರಿಗಾಗಿ ಊರೆಲ್ಲ ಅಲೆಯುತ್ತಾರೆ. 2020ರ ನಂತರ ಪ್ರೈಮರಿಗೆ ಬರಗಾಲ ಬಂದು ಅಂಗಡಿಗಳ ಕಪಾಟು ಖಾಲಿಯಾದಾಗ ಸಿಕ್ಕಿದ್ದನ್ನು ಕೊಂಡವರೆಲ್ಲರಿಗೂ ಈ ಹಗುರ ಸ್ಪ್ರಿಂಗಿನ ಬಣ್ಣ ಬಯಲಾಯಿತು. ಬಂದೂಕು ಮಾಡಿದವರು ಆ ಬಲವನ್ನು ಸುಮ್ಮನೆ ಇಟ್ಟದ್ದಲ್ಲ. ನಾನು ಅವನಿಂದ ಹಳೆಯ ಸ್ಪ್ರಿಂಗನ್ನೇ ಮತ್ತೆ ಹಾಕಿಸಿದೆ. ಟ್ರಿಗರ್ ಭಾರವೆನಿಸಿದರೆ ಬೆರಳು ಪಳಗಲಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. 'ಟಕ್' ಎಂದರೆ ಕಾಯಬೇಕು, ಆದರೆ 'ಪಟ್' ಎಂಬ ಸಣ್ಣ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಪ್ರೈಮರ್ ಹತ್ತಿದೆ, ಮದ್ದು ಇರಲಿಲ್ಲ ಅಥವಾ ಸಾಲಲಿಲ್ಲ ಎಂದು ಅರ್ಥ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯಬಹುದು. ಇಂಥ ಒಡೆದ ನಳಿಗೆಯೊಂದು ನಮ್ಮ ಕ್ಲಬ್ಬಿನ ಗೋಡೆಯ ಮೇಲೆ ತೂಗುತ್ತಿದೆ. ಅದರ ಒಡೆಯನ ಎಡಗೈಯಲ್ಲಿ ಇಂದಿಗೂ ಎರಡು ಬೆರಳು ಮಡಚುವುದಿಲ್ಲ.

ಈ ಆಟದಲ್ಲಿ 'ಆಲಿಬೈ' ಎಂಬ ಒಂದು ಸವಲತ್ತಿದೆ. ತೋಟೆ ಕೈಕೊಟ್ಟರೆ ಕೈ ಎತ್ತಬೇಕು, ಅಧಿಕಾರಿ ಬಂದು ಪ್ರೈಮರಿನ ಮೇಲೆ ಪಿನ್ನಿನ ಗುರುತು ನೋಡುತ್ತಾರೆ, ಆ ಸುತ್ತನ್ನು ಮತ್ತೊಮ್ಮೆ ಹಾರಿಸಲು ಬಿಡುತ್ತಾರೆ. ಕಾರ್ಖಾನೆಯ ತೋಟೆಗೆ ಇದು ನ್ಯಾಯವೇ. ತಾನೇ ತುಂಬಿದ ತೋಟೆಗೆ ಯಾಕೆ? ಕೂರಿಸಿದವನು ನಾನು, ನೋಡದೆ ಬಿಟ್ಟವನು ನಾನು, ಮತ್ತೆ ಅವಕಾಶ ಕೇಳುವವನೂ ನಾನೇ. ಈ ಸವಲತ್ತೇ ಜನರನ್ನು ಅಸಡ್ಡೆಗೆ ತಳ್ಳುತ್ತಿದೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಕಾರ್ಖಾನೆಯಲ್ಲಿ ನಾನು ಪಾಸು ಮಾಡಿದ ಬೇರಿಂಗ್ ಕೆಟ್ಟರೆ ನನಗೆ ಯಾರೂ ಆಲಿಬೈ ಕೊಡುವುದಿಲ್ಲ.

ಆದ್ದರಿಂದ ಕ್ಲಬ್ಬಿಗೆ ಬರಹದಲ್ಲೇ ಎರಡು ಬೇಡಿಕೆ ಇಟ್ಟಿದ್ದೇನೆ. ನಮ್ಮ ಸ್ಥಳೀಯ ಪಂದ್ಯಗಳಲ್ಲಿ ಮನೆಯಲ್ಲಿ ತುಂಬಿದ ತೋಟೆಗೆ ಆಲಿಬೈ ಇರಬಾರದು. ಅಂಥ ತೋಟೆ ತರುವವರು ಸಾಲಿಗೆ ನಿಲ್ಲುವ ಮುನ್ನ ಪ್ರತಿಯೊಂದನ್ನೂ ಗಾಜಿನ ಮೇಲೆ ನಿಲ್ಲಿಸಿ ತೋರಿಸಬೇಕು. ಐವತ್ತು ತೋಟೆಗೆ ಎರಡು ನಿಮಿಷ ಸಾಕು. ಹಳಬರು ಕೆಲವರು ಗೊಣಗಿದ್ದಾರೆ. ಮಾರ್ಚ್ ಸಭೆಯಲ್ಲಿ ಇದು ಮತಕ್ಕೆ ಬರುತ್ತದೆ. ಒಹಾಯೊದ ಕ್ಲಬ್ಬುಗಳಲ್ಲಿರುವ ಕನ್ನಡದ ಗೆಳೆಯರು ತಮ್ಮಲ್ಲೂ ಇದನ್ನು ಸಭೆಯ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ. ದಾವಣಗೆರೆಯ ಹುಡುಗ ನನ್ನ ಪತ್ರಕ್ಕೆ ಸಹಿ ಹಾಕಿದ್ದಾನೆ.