ಬೀಗದಕೈ ಯಾರ ಬಳಿ ಇದೆ?

ಊರಿನ ಮನೆಯನ್ನು ಬಾಡಿಗೆಗೆ ಕೊಡುವುದೋ ಮಾರುವುದೋ ಎಂಬ ಮಾತು ಸಾಮಾನ್ಯವಾಗಿ ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಶುರುವಾಗುತ್ತದೆ. ಸಾಗರದ ಕಡೆಯ ಒಂದು ಹೆಂಚಿನ ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ತಂದೆ ಮೊದಲೇ ಹೋಗಿದ್ದರು, ಈಗ ತಾಯಿಯೂ ಇಲ್ಲ. ಪುಣೆಯ ಮಗನಿಗೂ ಹೈದರಾಬಾದಿನ ಮಗನಿಗೂ ಆ ರಾತ್ರಿಯೇ ಬಸ್ಸು. ಅಷ್ಟರೊಳಗೆ ತೀರ್ಮಾನ ಆಗುವುದಿಲ್ಲ. ಯಾರೋ ಒಬ್ಬರು "ಸದ್ಯಕ್ಕೆ ಇರಲಿ ಬಿಡು" ಅನ್ನುತ್ತಾರೆ. ಎಲ್ಲರಿಗೂ ಹಗುರವಾಗುತ್ತದೆ.

ಈ "ಇರಲಿ"ಯ ವ್ಯಾಕರಣವನ್ನು ಸ್ವಲ್ಪ ಗಮನಿಸಬೇಕು. ಕೊಡೋಣ, ಮಾರೋಣ ಎಂದಾಗ ಕೆಲಸ ಮಾಡಬೇಕಾದವರು ಮಾತಾಡುವವರೇ. ಇರಲಿ ಎಂದಾಗ ಇರಬೇಕಾದ್ದು ಮನೆ. ಅದನ್ನು ನೋಡಿಕೊಳ್ಳುವವರು ಯಾರು ಎಂಬುದು ಆ ವಾಕ್ಯದೊಳಗೆ ಬರುವುದೇ ಇಲ್ಲ. ಬಾಡಿಗೆ, ಮಾರಾಟ ಎರಡೇ ದಾರಿ ಎಂದುಕೊಂಡ ಅನೇಕರು ಕೊನೆಗೆ ಹಿಡಿಯುವುದು ಬೀಗ ಹಾಕುವ ಮೂರನೆಯ ದಾರಿಯನ್ನು. ಮೂರರಲ್ಲಿ ಅತಿ ಕೆಟ್ಟದ್ದು ಅದೇ.

ಮಂಗ ಹಾರಿ ಒಂದು ಹೆಂಚು ಜಾರಿತು ಎನ್ನೋಣ. ಜನ ಇರುವ ಮನೆಯಲ್ಲಿ ಸಂಜೆಯೊಳಗೆ ಯಾರಾದರೂ ಏಣಿ ಹಾಕಿ ಸರಿಮಾಡುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಆ ಒಂದು ಸಂದಿಯಿಂದ ಇಳಿಯುತ್ತದೆ. ರೀಪು ಕೊಳೆಯುತ್ತದೆ, ಪಕಾಸಿ ಬಾಗುತ್ತದೆ, ಗೋಡೆಗೆ ಗೆದ್ದಲು ಹತ್ತುತ್ತದೆ. ನಾಲ್ಕಾರು ಮಳೆಗಾಲ ಕಳೆದ ಮೇಲೆ ನೋಡಲು ಬಂದವರು ಮನೆಗೆ ಬೆಲೆ ಕಟ್ಟುವುದಿಲ್ಲ. ಜಾಗಕ್ಕೆ, ಹಲಸಿನ ಕಂಬಗಳಿಗೆ ಕಟ್ಟುತ್ತಾರೆ. ನೆನಪಿಗೆಂದು ಉಳಿಸಿಕೊಂಡ ಮನೆ ಮರಮುಟ್ಟಿನ ಲೆಕ್ಕದಲ್ಲಿ ಹೋಗುತ್ತದೆ.

ಅಲ್ಲಿಯವರೆಗೆ ಬೀಗದಕೈ ಇರುವುದು ಶಿವಮೊಗ್ಗಕ್ಕೆ ಕೊಟ್ಟ ಅಕ್ಕನ ಬಳಿ. "ಅಕ್ಕಾ, ಒಂದ್ಸಲ ಹೋಗಿ ನೋಡ್ಕೊಂಡು ಬಾರೇ" ಎಂದು ಫೋನು ಬರುತ್ತದೆ. ಹೋಗಿ ಬರಲು ಒಂದು ದಿನ ಬೇಕು. ಅಂಗಳದ ಹುಲ್ಲು ತೆಗೆಸುವುದು, ಕರೆಂಟ್ ಬಿಲ್ಲು, ಕಂದಾಯ ಎಲ್ಲ ಅವಳದೇ. ಖರ್ಚು ಕೇಳಲು ಸಂಕೋಚ. ಕೇಳಿದರೆ ಮನೆಯ ಮೇಲೆ ಕಣ್ಣು ಎಂಬ ಮಾತು ಬರುವ ಭಯ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವಳದೂ ಸಮಪಾಲು. ತಂದೆ ತಾನೇ ಗಳಿಸಿ, ಉಯಿಲು ಬರೆಯದೆ ಬಿಟ್ಟುಹೋದ ಆಸ್ತಿಯಲ್ಲಿ 1956ರಿಂದಲೇ ಹಾಗಿದೆ. ಪಿತ್ರಾರ್ಜಿತದಲ್ಲೂ ಸಮಾನ ಹಕ್ಕು ಕೊಟ್ಟಿದ್ದು 2005ರ ತಿದ್ದುಪಡಿ. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಪಾಲು ಸಮವಾಯಿತು, ಚಾಕರಿ ಮಾತ್ರ ಆಗಲಿಲ್ಲ. ಆದ್ದರಿಂದ ಮನೆಯನ್ನು ಏನು ಮಾಡಬೇಕು ಎಂಬುದರಲ್ಲಿ ಮೊದಲ ಮಾತು ಬೀಗದಕೈ ಇಟ್ಟುಕೊಂಡವರದಾಗಬೇಕು.

ಹಾಗೆಂದು ಮಾರಲೇಬೇಕು ಎಂದಲ್ಲ. ನಿವೃತ್ತಿಯಾದ ಮೇಲೆ ಊರಿಗೇ ಬರುತ್ತೇನೆ ಎನ್ನುವವರು ಯಾವ ವರ್ಷ ಎಂದು ಹೇಳಲಿ. ಹೇಳಬಲ್ಲವರಾದರೆ ಅಲ್ಲಿಯವರೆಗೆ ಬಾಡಿಗೆಗೆ ಕೊಡುವುದು ಸರಿ. ಸಣ್ಣ ಊರಿನಲ್ಲಿ ಬಾಡಿಗೆ ಹೆಚ್ಚು ಬರಲಿಕ್ಕಿಲ್ಲ. ದಿನಾ ಬಾಗಿಲು ತೆಗೆಯುವವರು ಸಿಕ್ಕಿದ್ದೇ ಲಾಭ. ಬಾಡಿಗೆಗೆ ಬಂದವರು ಬಿಡದಿದ್ದರೆ ಎಂಬ ಭಯ ಸುಳ್ಳಲ್ಲ. ಆದರೆ ಆ ಭಯವಿರುವವರೇ ನೋಂದಣಿ ತಪ್ಪಿಸಲು ಹನ್ನೊಂದು ತಿಂಗಳ ಕರಾರು ಬರೆದು, ಆಮೇಲೆ ಅದನ್ನು ನವೀಕರಿಸಲೂ ಮರೆಯುತ್ತಾರೆ. ದೂರದಲ್ಲಿರುವ ಮಾಲೀಕರಿಗೆ ನೋಂದಾಯಿತ ಕರಾರೇ ಹೆಚ್ಚು ಭದ್ರ. ಮೇಲ್ವಿಚಾರಣೆ ಮಾಡುವ ಅಕ್ಕನ ಖರ್ಚನ್ನು ಬಾಡಿಗೆಯಲ್ಲಿ ಮೊದಲು ತೆಗೆದಿಟ್ಟು, ಉಳಿದದ್ದನ್ನು ಹಂಚಿಕೊಳ್ಳಬೇಕು.

ಯಾರೂ ಬರುವುದಿಲ್ಲವೆಂದಾದರೆ, ಮನೆ ಮನೆಯಾಗಿರುವಾಗಲೇ ಮಾರುವುದು ಒಳ್ಳೆಯದು. ಮೊದಲು ಒಡಹುಟ್ಟಿದವರನ್ನು ಕೇಳಬೇಕು. ಉಯಿಲಿಲ್ಲದೆ ಬಂದ ಆಸ್ತಿಯಲ್ಲಿ ಒಬ್ಬರು ತಮ್ಮ ಪಾಲನ್ನು ಮಾರಲು ಹೊರಟರೆ ಜೊತೆಯ ವಾರಸುದಾರರಿಗೆ ಆದ್ಯತೆಯ ಹಕ್ಕನ್ನು ಅದೇ ಕಾಯ್ದೆ ಕೊಟ್ಟಿದೆ. ಅಕ್ಕನೇ ಕೊಳ್ಳುವುದಾದರೆ ಅವಳು ಇಷ್ಟು ವರ್ಷ ಮಾಡಿದ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳುವುದು ನ್ಯಾಯ.

ಯಾವ ದಾರಿ ಹಿಡಿದರೂ ಕಾಗದಪತ್ರ ಈಗಲೇ ಆಗಬೇಕು. ಎಷ್ಟೋ ಮನೆಗಳ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ವಂಶವೃಕ್ಷ ಮಾಡಿಸಿ, ಖಾತೆ ಬದಲಾಯಿಸಿ, ಇ-ಸ್ವತ್ತು ಅಥವಾ ಇ-ಖಾತೆ ಪಡೆಯುವುದಕ್ಕೆ ಓಡಾಟವಿದೆ. ಇವತ್ತು ಮೂವರ ಸಹಿ ಸಾಕು. ಇನ್ನೊಂದು ತಲೆಮಾರು ಕಳೆದರೆ ಅಮೆರಿಕದಲ್ಲಿರುವವರನ್ನೂ ಸೇರಿಸಿ ಏಳೆಂಟು ಸಹಿ ಬೇಕಾಗುತ್ತದೆ. ಆ ಮಕ್ಕಳಲ್ಲಿ ಕೆಲವರು ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗಿರುವುದಿಲ್ಲ.

ಇರಲಿ ಎನ್ನುವವರು ವಾಕ್ಯವನ್ನು ಪೂರ್ತಿ ಮಾಡಲಿ: ಎಲ್ಲಿಯವರೆಗೆ ಇರಲಿ, ಯಾರ ಖರ್ಚಿನಲ್ಲಿ ಇರಲಿ, ಈ ಜೂನ್‌ಗೆ ಮೊದಲು ಹೆಂಚು ಕೈಯಾಡಿಸುವವರು ಯಾರು. ಇದಕ್ಕೆ ಉತ್ತರವಿದ್ದರೆ ಮನೆ ಇರಲಿ. ಇಲ್ಲದಿದ್ದರೆ ಅಕ್ಕನಿಗೆ ಒಂದು ಫೋನು ಮಾಡಬೇಕು. ಈ ಸಲ ಹೋಗಿ ನೋಡಿಕೊಂಡು ಬಾ ಎಂದಲ್ಲ, ನಿನಗೇನು ಅನ್ನಿಸುತ್ತದೆ ಎಂದು ಕೇಳಲು.