ಮನೆಗೂ ಒಂದು ಪಂಚಾಂಗ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಎಚ್ಚರಿಸಿದ ಹಿರಿಯರು ‘ಕಟ್ಟಿದ ಮನೆಯನ್ನು ಉಳಿಸಿ ನೋಡು’ ಎಂಬ ಮೂರನೆಯ ಮಾತನ್ನು ಸೇರಿಸಲಿಲ್ಲ. ಸೇರಿಸಬೇಕೆಂದು ಅವರಿಗೆ ತೋರದಿದ್ದುದು ಸಹಜವೇ. ಅವರ ಕಾಲದ ಮನೆಯು ತನಗೆ ಬೇಕಾದ ಆರೈಕೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಕೇಳಿ ಪಡೆಯುತ್ತಿತ್ತು. ಕೊಡದೆ ಹೋದರೆ ಮೊದಲ ಮಳೆಯಲ್ಲಿಯೇ ಮನೆಯವರ ನೆತ್ತಿಯ ಮೇಲೆ ಸೋರಿ ತನ್ನ ಅಸಮಾಧಾನವನ್ನು ತಿಳಿಸುತ್ತಿತ್ತು.

ಕರಾವಳಿ ಮಲೆನಾಡುಗಳ ಹೆಂಚಿನ ಮನೆಯನ್ನೇ ನೋಡಬಹುದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಊರಿನ ಕೆಂಪು ಹೆಂಚು ದೂರದೂರದ ಮನೆಗಳ ಮಾಡನ್ನೇರಿತು. ಆದರೆ ಎಂತಹ ಒಳ್ಳೆಯ ಹೆಂಚಾದರೂ ಮಳೆಗಾಲಕ್ಕೆ ಮುನ್ನ ಒಬ್ಬನು ಮೇಲೇರಿ, ಒಡೆದುದನ್ನು ಬದಲಿಸಿ, ಸರಿದುದನ್ನು ಕೂಡಿಸಿ, ಗೆದ್ದಲು ಹತ್ತಿದ ರೀಪನ್ನು ಕಿತ್ತು ಹಾಕಿ ಇಳಿಯಲೇಬೇಕಾಗಿತ್ತು. ಬಯಲುಸೀಮೆಯ ಮಾಳಿಗೆಯ ಮನೆಗೆ ಮುಂಗಾರಿಗೆ ಮೊದಲು ಹೊಸ ಚೌಳು ಮಣ್ಣು ಬೀಳುತ್ತಿತ್ತು. ಯುಗಾದಿ ಬಂದರೆ ಗೋಡೆಗೆ ಸುಣ್ಣ. ಹಬ್ಬಹಬ್ಬಕ್ಕೂ ನೆಲಕ್ಕೆ ಸಗಣಿಯ ಸಾರಣೆ. ಇದನ್ನು ಯಾರೂ ದುರಸ್ತಿ ಎಂದು ಕರೆಯಲಿಲ್ಲ, ಹಬ್ಬದ ಸಿದ್ಧತೆ ಎಂದರು. ಖರ್ಚು ಅಲ್ಪ, ಕಾಲ ನಿಶ್ಚಿತ.

ಸಿಮೆಂಟಿನ ಮೌನ

ಇಂದಿನ ಸಿಮೆಂಟಿನ ಮನೆಯ ಸ್ವಭಾವವೇ ಬೇರೆ. ಅದು ಕೇಳುವುದಿಲ್ಲ. ಹತ್ತು ವರ್ಷ ಸುಮ್ಮನಿರುತ್ತದೆ. ಗೃಹಪ್ರವೇಶದ ಊಟ ಮುಗಿದೊಡನೆ ಮನೆಯ ಕೆಲಸವೂ ಮುಗಿಯಿತೆಂದು ಯಜಮಾನನು ನಂಬುತ್ತಾನೆ. ಅವನ ಗಮನವೆಲ್ಲ ಇಪ್ಪತ್ತು ವರ್ಷದ ಸಾಲದ ಕಂತಿನ ಕಡೆಗೆ. ಹನ್ನೊಂದನೆಯ ಮಳೆಗಾಲದಲ್ಲಿ ಮಲಗುವ ಕೋಣೆಯ ಚಾವಣಿಯಲ್ಲಿ ಅಂಗೈಯಗಲದ ಕಂದು ಕಲೆ ಮೂಡುತ್ತದೆ. ಬಣ್ಣ ಬಳಿಸಿ ಅದನ್ನು ಮರೆಮಾಡುತ್ತಾರೆ. ಮರುವರ್ಷ ಕಲೆಯು ಬಣ್ಣವನ್ನೂ ಹೊತ್ತುಕೊಂಡು ಉದುರುತ್ತದೆ. ಅದರ ಮರುವರ್ಷ ಗಾರೆಯ ಹೆಕ್ಕಳಿಕೆ ಕಳಚಿ ಬಿದ್ದಾಗ ಒಳಗಿನ ತುಕ್ಕು ಹಿಡಿದ ಸರಳು ಕಾಣಿಸುತ್ತದೆ. ಸಾಲದ ಕಂತು ತೀರುವ ಮೊದಲೇ ಮನೆಯ ಆಯುಸ್ಸು ತೀರತೊಡಗಿದರೆ ಅದಕ್ಕಿಂತ ದೊಡ್ಡ ನಷ್ಟ ಮಧ್ಯಮವರ್ಗದ ಸಂಸಾರಕ್ಕೆ ಬೇರೊಂದಿಲ್ಲ.

ಇದರ ಕಾರಣವನ್ನು ತಿಳಿದುಕೊಂಡವನು ಹಣವನ್ನು ಉಳಿಸಬಲ್ಲನು. ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳಿಗೆ ಸಿಮೆಂಟಿನ ಕ್ಷಾರಗುಣವೇ ಕವಚ. ಚಾವಣಿಯ ಕೆಳಮೈಯಲ್ಲಿ ಸರಳಿಗೂ ಕೋಣೆಯ ಗಾಳಿಗೂ ನಡುವೆ ಇರುವ ಕಾಂಕ್ರೀಟಿನ ಹೊದಿಕೆಯಾದರೋ ಸಾಮಾನ್ಯವಾಗಿ 15–20 ಮಿಲಿಮೀಟರು ಮಾತ್ರ. ಗಾಳಿಯಲ್ಲಿರುವ ಇಂಗಾಲಾಮ್ಲವು ವರ್ಷಗಳು ಉರುಳಿದಂತೆ ಒಳಹೊಕ್ಕು ಆ ಕ್ಷಾರವನ್ನು ಕುಂದಿಸುತ್ತದೆ; ಅದಕ್ಕೆ ತೇವವೂ ಜೊತೆಗೂಡಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕಾದ ಕಬ್ಬಿಣವು ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುವುದರಿಂದ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸೀಳಿದಲ್ಲಿ ಇನ್ನಷ್ಟು ನೀರು, ಇನ್ನಷ್ಟು ತುಕ್ಕು. ಗಾಳಿಯನ್ನು ತಡೆಯುವುದು ಯಾರಿಗೂ ಸಾಧ್ಯವಿಲ್ಲ. ನೀರನ್ನು ತಡೆಯುವುದು ಸಾಧ್ಯ. ಆದುದರಿಂದ ಮನೆಯ ಆರೈಕೆ ಎಂದರೆ ಮುಕ್ಕಾಲುಪಾಲು ನೀರಿನ ದಾರಿಯನ್ನು ಕಾಯುವುದೇ ಆಗಿದೆ. ಈ ಮೌನಿ ಮನೆಗೂ ಒಂದು ಪಂಚಾಂಗವನ್ನು ಹಾಕಿಕೊಟ್ಟರೆ, ಹಳೆಯ ಮನೆ ಬಾಯಿಬಿಟ್ಟು ಕೇಳುತ್ತಿದ್ದುದನ್ನು ಹೊಸ ಮನೆಗೆ ಕೇಳದೆಯೇ ಕೊಟ್ಟಂತಾಗುತ್ತದೆ.

ಯುಗಾದಿ: ಗೋಡೆಯ ಪರೀಕ್ಷೆ

ಚೈತ್ರದಲ್ಲಿ ಗೋಡೆಗಳು ಚೆನ್ನಾಗಿ ಒಣಗಿರುತ್ತವೆ. ಬಿರುಕುಗಳನ್ನು ನೋಡಲು ಇದೇ ಸಕಾಲ. ಕೂದಲೆಳೆಯಷ್ಟು ತೆಳುವಾದ ಬಿರುಕು ಗಾರೆ ಆರುವಾಗ ಬಿಟ್ಟುದಿರಬಹುದು, ಅದಕ್ಕೆ ಹೆದರಬೇಕಾದುದಿಲ್ಲ. ಬಿರುಕು ಬೆಳೆಯುತ್ತಿದೆಯೇ ಎಂಬುದು ಮುಖ್ಯ ಪ್ರಶ್ನೆ. ಅದರ ಎರಡು ತುದಿಗಳಲ್ಲಿಯೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿಟ್ಟರೆ ದೀಪಾವಳಿಯ ವೇಳೆಗೆ ಉತ್ತರ ದೊರೆಯುತ್ತದೆ. ಗೆರೆಯನ್ನು ದಾಟಿ ಮುಂದೆ ಹೋಗಿದ್ದರೆ, ಅಥವಾ ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತಿದ್ದರೆ ಅದು ತಳಪಾಯದ ಮಾತು. ಗಾರೆಯವನಲ್ಲ, ಇಂಜಿನಿಯರನೇ ಬಂದು ನೋಡತಕ್ಕದ್ದು. ತೊಲೆಯ ಉದ್ದಕ್ಕೆ ಸರಳಿನ ಸಾಲನ್ನೇ ಹಿಡಿದು ಸೀಳಿದ್ದು ಕೆಂಗಂದು ಬಣ್ಣ ಒಸರಿದ್ದರೂ ಹಾಗೆಯೇ.

ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಹಿಟ್ಟಿನಂತೆ ಅರಳಿದ್ದರೆ ಅಲ್ಲಿ ನೀರು ಓಡಾಡುತ್ತಿದೆ ಎಂದೇ ಅರ್ಥ. ಅಂತಹ ಕಡೆ ದುಬಾರಿಯ ಬಣ್ಣವನ್ನು ಬಳಿಯುವುದು ಜ್ವರ ಬಂದವನಿಗೆ ಪೌಡರು ಹಚ್ಚಿದಂತೆ. ಪ್ಲಾಸ್ಟಿಕ್ ಬಣ್ಣವು ತೇವವನ್ನು ಒಳಗೇ ಕಟ್ಟಿಹಾಕಿ, ಕೊನೆಗೆ ಗುಳ್ಳೆಯೆದ್ದು ಸುಲಿಯುತ್ತದೆ. ಸುಣ್ಣವಾದರೋ ಗೋಡೆಗೆ ಉಸಿರಾಡಲು ಬಿಡುತ್ತದೆ. ಉಗ್ರಾಣ, ದನದ ಕೊಟ್ಟಿಗೆ, ಕಾಂಪೌಂಡಿನ ಗೋಡೆ ಇವಕ್ಕೆ ಇಂದಿಗೂ ಸುಣ್ಣಕ್ಕಿಂತ ಅಗ್ಗವಾದ, ಆರೋಗ್ಯಕರವಾದ ಬಣ್ಣವಿಲ್ಲ. ಸುಟ್ಟ ಸುಣ್ಣವನ್ನು ಅರಳಿಸುವಾಗ ಅದು ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳನ್ನು ದೂರವಿಡಬೇಕು.

ಭರಣಿಯ ಮಳೆ: ತಾರಸಿಯ ಪರೀಕ್ಷೆ

ಏಪ್ರಿಲ್ ಕೊನೆಯಿಂದ ಮೇ ಹತ್ತರ ಸುಮಾರಿನವರೆಗಿನ ಭರಣಿಯ ಮಳೆ ಮನೆಯೊಡೆಯನ ಪಾಲಿಗೆ ದೇವರು ಕಳುಹಿಸಿದ ಪರೀಕ್ಷಕ. ಒಂದೆರಡು ಜೋರು ಮಳೆ ಸುರಿದು ಸೋರುವ ಜಾಗವನ್ನು ತೋರಿಸಿಕೊಟ್ಟು ಹೋಗುತ್ತದೆ. ಸರಿಪಡಿಸಲು ಜೂನ್ ಮೊದಲ ವಾರದವರೆಗೆ ಬಿಡುವನ್ನೂ ಕೊಡುತ್ತದೆ. ಮೃಗಶಿರೆ ಹಿಡಿದ ಮೇಲೆ ಗಾರೆಯವನನ್ನು ಹುಡುಕುವವನಿಗೆ ಆಳೂ ದುಬಾರಿ, ಕೆಲಸವೂ ನಿಲ್ಲದು, ಹಸಿಯ ಗಾರೆಯೂ ಮಳೆಯಲ್ಲಿ ಕೊಚ್ಚಿ ಹೋಗುತ್ತದೆ.

ಭರಣಿಯ ಮಳೆ ನಿಂತ ಒಂದು ಗಂಟೆಯ ಮೇಲೆ ತಾರಸಿಗೆ ಹೋಗಿ, ನೀರು ಎಲ್ಲೆಲ್ಲಿ ನಿಂತಿದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಬೇಕು. ತಾರಸಿಗೆ ನೂರು ಅಡಿಗೆ ಒಂದು ಅಡಿಯ ಲೆಕ್ಕದಲ್ಲಾದರೂ ಇಳಿಜಾರು ಇರತಕ್ಕದ್ದು. ನೀರು ನಿಂತ ಜಾಗದಲ್ಲಿ ಆ ಇಳಿಜಾರು ಕೆಟ್ಟಿದೆ ಎಂದು ತಿಳಿಯಬೇಕು. ಎಷ್ಟೋ ಮನೆಗಳಲ್ಲಿ ಸೋರಿಕೆಗೆ ಕಾರಣ ತಾರಸಿಯಲ್ಲ, ಎಲೆ ಕಸ ಕಟ್ಟಿಕೊಂಡ ನೀರಿನ ಕೊಳವೆಯ ಬಾಯಿ. ಹತ್ತು ನಿಮಿಷದ ಕೈಕೆಲಸದಿಂದ ತೀರುವ ಈ ಕಷ್ಟಕ್ಕೆ ಸಾವಿರಾರು ರೂಪಾಯಿಯ ಲೇಪನವನ್ನು ಮಾಡಿಸಿದವರುಂಟು. ಲೇಪನದ ವ್ಯಾಪಾರಿಯನ್ನು ಕರೆಯುವ ಮೊದಲು ಕೊಳವೆಯ ಬಾಯಿಯನ್ನು ನೋಡುವುದು ಮೊದಲ ಉಳಿತಾಯ. ಎರಡನೆಯದಾಗಿ ನೋಡಬೇಕಾದ ಸ್ಥಳ, ತಾರಸಿಯೂ ಕೈಪಿಡಿ ಗೋಡೆಯೂ ಕೂಡುವ ಮೂಲೆ. ಅಲ್ಲಿಯ ಗಾರೆ ಬಿಟ್ಟುಕೊಂಡಿದ್ದರೆ ನೀರು ಗೋಡೆಯ ಹೊಟ್ಟೆಯೊಳಗೆ ಇಳಿದು ಎಲ್ಲಿಯೋ ದೂರದ ಕೋಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಕಲೆ ಇರುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂಬ ನಿಯಮವಿಲ್ಲ.

ಆ ಮೂಲೆಗಳಲ್ಲಿಯೇ ಹಕ್ಕಿ ತಂದು ಹಾಕಿದ ಬೀಜದಿಂದ ಅರಳಿಯ ಸಸಿ ಹುಟ್ಟುವುದು. ಅಶ್ವತ್ಥವನ್ನು ಕೀಳಬಾರದೆಂದು ಹಿಂಜರಿಯುವ ಮನೆಗಳು ಇಂದಿಗೂ ಇವೆ. ಎರಡೆಲೆಯ ಸಸಿಯನ್ನು ಬೇರುಸಹಿತ ನಾಜೂಕಾಗಿ ಬಿಡಿಸಿ ಊರ ಕೆರೆಯ ದಂಡೆಯಲ್ಲಿ ನೆಟ್ಟರೆ ಭಕ್ತಿಗೂ ಭಂಗವಿಲ್ಲ, ಗೋಡೆಗೂ ಕೇಡಿಲ್ಲ. ಮೂರು ವರ್ಷ ಬಿಟ್ಟರೆ ಬೇರು ಗೋಡೆಯನ್ನು ಹೊಕ್ಕು, ಕಡಿದರೂ ಮತ್ತೆ ಚಿಗುರುತ್ತದೆ. ಆಗ ಗೋಡೆಯನ್ನೇ ಕೆಡವಬೇಕಾಗುತ್ತದೆ.

ಶ್ರಾವಣ: ಬಂದ ನೀರಿನ ಲೆಕ್ಕ

ಮಳೆಗಾಲವು ಮನೆಗೆ ವೈರಿ ಮಾತ್ರವಲ್ಲ, ದಾನಿಯೂ ಹೌದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರು ಎಂದು ಹಿಡಿದರೂ 80 ಚದರ ಮೀಟರಿನ ತಾರಸಿಯ ಮೇಲೆ ಬೀಳುವುದು 72,000 ಲೀಟರು. ಕಾಲುಭಾಗ ಆರಿಹೋಯಿತೆಂದು ಕಳೆದರೆ ಉಳಿದದ್ದು 54,000. ಅಂದರೆ 6,000 ಲೀಟರಿನ ಒಂಬತ್ತು ಟ್ಯಾಂಕರು. ಕೊಳವೆ ಬಾವಿಗಳು ಬತ್ತಿದ 2024ರ ಬೇಸಗೆಯಲ್ಲಿ ಆ ನಗರದಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಈ ಲೆಕ್ಕದ ಬೆಲೆ ಗೊತ್ತು. 30×40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಮಳೆನೀರಿನ ಸಂಗ್ರಹವನ್ನು ಬೆಂಗಳೂರಿನಲ್ಲಿ 2009ರಲ್ಲಿಯೇ ಕಡ್ಡಾಯ ಮಾಡಲಾಯಿತು. ಕಾಯಿದೆಯ ಭಯಕ್ಕೆ ಕೊಳವೆಯನ್ನು ಜೋಡಿಸಿ ಮರೆಯುವುದರಿಂದ ಫಲವಿಲ್ಲ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಸೋಸುವ ಜಾಲರಿಯನ್ನು ತೊಳೆದು, ಹಿಡಿಸುವಷ್ಟನ್ನು ತೊಟ್ಟಿಗೂ ಮಿಕ್ಕದ್ದನ್ನು ಇಂಗುಗುಂಡಿಗೂ ಹರಿಸಿದವನೇ ನಿಜವಾದ ಲಾಭವನ್ನು ಉಂಡವನು.

ಇದೇ ಕಾಲದಲ್ಲಿ ನಲ್ಲಿಗಳ ಕಡೆಗೂ ಕಣ್ಣು ಹಾಯಿಸಬೇಕು. ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರು ಎಂದರೂ ನಾಲ್ಕು ಲೀಟರಿಗೆ ಮಿಗಿಲು. ಅಷ್ಟು ನೀರಿನ ಬೆಲೆ ದೊಡ್ಡದಲ್ಲ ಎನ್ನಬಹುದು. ಆದರೆ ಆ ಹನಿ ನೆನೆಸುವ ಗೋಡೆಯ ಬೆಲೆ ದೊಡ್ಡದು. ಅದನ್ನು ನಿಲ್ಲಿಸುವ ವಾಷರಿನ ಬೆಲೆಯಾದರೋ ಕೆಲವೇ ರೂಪಾಯಿ. ಕಾಣದ ಸೋರಿಕೆಯನ್ನು ಹಿಡಿಯಲು ಸುಲಭವಾದ ಉಪಾಯವಿದೆ. ರಾತ್ರಿ ಮಲಗುವಾಗ ಎಲ್ಲ ನಲ್ಲಿಗಳನ್ನೂ ಭದ್ರಪಡಿಸಿ, ತೊಟ್ಟಿಯ ನೀರಿನ ಮಟ್ಟಕ್ಕೆ ಗುರುತು ಮಾಡಿಟ್ಟು ಬೆಳಗ್ಗೆ ನೋಡಿದರೆ ಕಳ್ಳನು ಸಿಕ್ಕುತ್ತಾನೆ. ಶೌಚಾಲಯದ ನೀರಿನ ಪೆಟ್ಟಿಗೆಗೆ ಬಟ್ಟೆಯ ನೀಲಿಯನ್ನು ನಾಲ್ಕು ತೊಟ್ಟು ಹಾಕಿ ಅರ್ಧ ಗಂಟೆ ಬಿಟ್ಟರೆ, ನೀರನ್ನು ಬಿಡದೆಯೇ ಕೆಳಗೆ ನೀಲಿ ಕಾಣಿಸಿದಲ್ಲಿ ಅದೂ ಸೋರುತ್ತಿದೆ ಎಂದಾಯಿತು.

ಆಯುಧಪೂಜೆ, ದೀಪಾವಳಿ

ಆಯುಧಪೂಜೆಯ ದಿನ ಪಂಪಿಗೂ ಮೀಟರಿನ ಪೆಟ್ಟಿಗೆಗೂ ಕುಂಕುಮವಿಟ್ಟು ಹೂವು ಮುಡಿಸುವವರು ಅದರ ಹಿಂದಿನ ದಿನ ಅವುಗಳನ್ನು ಪರೀಕ್ಷಿಸುವುದು ಪೂಜೆಯ ಮೊದಲ ಅಂಗವಾಗಲಿ. ಸುಟ್ಟ ವಾಸನೆ, ಬಿಸಿಯಾಗುವ ಪ್ಲಗ್ಗು, ಬಿರಿದ ತಂತಿ ಇವನ್ನು ಎಲೆಕ್ಟ್ರಿಷಿಯನ್ನನಿಗೆ ತೋರಿಸಬೇಕು. ಪ್ರಾಣವನ್ನು ಕಾಯುವ ಸ್ವಿಚ್ಚಿನ ‘ಟೆಸ್ಟ್’ ಗುಂಡಿಯನ್ನು ಒತ್ತಿದೊಡನೆ ಅದು ವಿದ್ಯುತ್ತನ್ನು ಕಡಿಯಬೇಕು. ಕಡಿಯದಿದ್ದರೆ ಆ ದಿನವೇ ಬದಲಾಯಿಸತಕ್ಕದ್ದು. ಇಲ್ಲಿ ಉಳಿತಾಯದ ಮಾತೇ ಸಲ್ಲದು.

ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಬೆಳಗಿ ನೀರು ತುಂಬುವ ಸಂಪ್ರದಾಯ ನಾಡಿನಲ್ಲೆಲ್ಲ ಇದೆ. ಹಂಡೆಯ ಸ್ಥಾನವನ್ನು ಇಂದು ತಾರಸಿಯ ಮೇಲಿನ ಟ್ಯಾಂಕು ಆಕ್ರಮಿಸಿದೆ. ಮಳೆಗಾಲದ ಕೆಸರು ತಳದಲ್ಲಿ ತಂಗಿರುವ ಆ ಟ್ಯಾಂಕನ್ನು ತೊಳೆಯಲು ನೀರು ತುಂಬುವ ಹಬ್ಬಕ್ಕಿಂತ ಪ್ರಶಸ್ತವಾದ ದಿನ ಯಾವುದು? ಬಾಗಿಲ ಚೌಕಟ್ಟುಗಳ ಕೆಳಭಾಗವನ್ನು ಬೆರಳಿನಿಂದ ಬಡಿದು ನೋಡುವುದಕ್ಕೂ ಇದೇ ಕಾಲ. ಟೊಳ್ಳು ದನಿ ಬಂದರೆ ಗೆದ್ದಲು ಒಳಗೆ ಮನೆ ಮಾಡಿದೆ. ಒಂದು ಚೌಕಟ್ಟಿನಲ್ಲಿ ಹಿಡಿದರೆ ಹತ್ತನ್ನು ಉಳಿಸಿದಂತೆ.

ಮನೆಗೆ ಸಲ್ಲುವ ಬಾಡಿಗೆ

ಇದಕ್ಕೆಲ್ಲ ಹಣವೆಲ್ಲಿ ಎಂದು ಯಜಮಾನನು ಕೇಳುವುದು ನ್ಯಾಯವೇ. ಸ್ವಂತ ಮನೆಯವನು ಬಾಡಿಗೆಯ ಕಾಟವಿಲ್ಲವೆಂದು ಹಿಗ್ಗುತ್ತಾನೆ. ಆದರೆ ಆ ಮನೆಯನ್ನು ಬೇರೊಬ್ಬರಿಗೆ ಕೊಟ್ಟಿದ್ದರೆ ಬರಬಹುದಾಗಿದ್ದ ಹನ್ನೆರಡು ತಿಂಗಳ ಬಾಡಿಗೆಯಲ್ಲಿ ಒಂದು ತಿಂಗಳದನ್ನು ವರ್ಷಕ್ಕೊಮ್ಮೆ ಆ ಮನೆಗೇ ಸಲ್ಲಿಸುವುದು ಧರ್ಮ. ಅದನ್ನು ಬೇರೆಯ ಖಾತೆಯಲ್ಲಿಟ್ಟು, ಮಗಳ ಕಾಲೇಜಿನ ಹಣದಷ್ಟೇ ಕಟ್ಟುನಿಟ್ಟಾಗಿ ಕಾಪಾಡಬೇಕು. ಏನೂ ಖರ್ಚಾಗದ ವರ್ಷಗಳು ಬರುತ್ತವೆ. ಆಗ ಹಣ ಬೆಳೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ತಾರಸಿಗೆ ಪೂರ್ಣ ಲೇಪನ ಬೇಕಾದಾಗ ಚಿನ್ನವನ್ನು ಅಡವಿಡುವ ಪ್ರಸಂಗ ತಪ್ಪುತ್ತದೆ.

ಈ ವಿಷಯದಲ್ಲಿ ಗೃಹಿಣಿಯ ಮಾತಿಗೆ ಮನ್ನಣೆ ಸಲ್ಲಬೇಕು. ಉಗ್ರಾಣದ ಮೂಲೆಯಲ್ಲಿ ಬೇಳೆಯ ಡಬ್ಬಿಗೆ ತೇವ ತಗುಲಿದ್ದನ್ನು ಮೊದಲು ಕಾಣುವವಳು ಅವಳೇ. ‘ಇಲ್ಲೇನೋ ಹಸಿ ಇದೆಯಲ್ಲಾ’ ಎಂದು ಅವಳು ಹೇಳಿದ ದಿನವೇ ಎದ್ದು ನೋಡುವ ಯಜಮಾನನಿಗೆ ಆಗುವ ಖರ್ಚು ಬೇರೆ. ‘ಮಳೆಗಾಲ ಕಳೆಯಲಿ, ನೋಡೋಣ’ ಎನ್ನುವವನಿಗೆ ಆಗುವ ಖರ್ಚು ಬೇರೆ.

ಕೊನೆಯದಾಗಿ, ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ಮನೆಯ ಹೆಸರಿನಲ್ಲಿ ಇಡತಕ್ಕದ್ದು. ನೀರಿನ ಕೊಳವೆ ಯಾವ ಗೋಡೆಯಲ್ಲಿ, ನೆಲದಿಂದ ಎಷ್ಟು ಎತ್ತರದಲ್ಲಿ ಹೋಗಿದೆ. ತಂತಿ ಎಲ್ಲಿ ತಿರುಗಿದೆ. ತಾರಸಿಯ ಲೇಪನವನ್ನು ಯಾವ ವರ್ಷ, ಯಾವ ಸಾಮಗ್ರಿಯಿಂದ, ಎಷ್ಟು ಕೊಟ್ಟು ಮಾಡಿಸಿತು. ಬಿರುಕಿನ ಗೆರೆ ಎಲ್ಲಿಗೆ ನಿಂತಿತು, ಇವೆಲ್ಲ ಅದರಲ್ಲಿರಲಿ. ಗೋಡೆಗೆ ಗಾರೆ ಮೆತ್ತುವ ಮುನ್ನ ತೆಗೆದ ನಾಲ್ಕು ಚಿತ್ರಗಳನ್ನೂ ಅಂಟಿಸಿಟ್ಟರೆ ಮತ್ತೂ ಒಳ್ಳೆಯದು. ಮುಂದೆ ಒಂದು ದಿನ ಕೊಳವೆ ಒಡೆದಾಗ, ಆ ಪುಸ್ತಕವಿರುವ ಮನೆಯಲ್ಲಿ ಒಂದು ಗೇಣು ಗೋಡೆಯನ್ನು ಒಡೆದರೆ ಸಾಕು. ಇಲ್ಲದ ಮನೆಯಲ್ಲಿ ಇಡೀ ಗೋಡೆಯನ್ನೇ ಒಡೆಯಬೇಕು. ಮಕ್ಕಳಿಗೆ ಮನೆಯನ್ನು ಬಿಟ್ಟು ಹೋಗುವವರು ಪತ್ರಗಳ ಜೊತೆಯಲ್ಲಿ ಈ ಪುಸ್ತಕವನ್ನೂ ಬಿಟ್ಟು ಹೋಗಲಿ.